ಸಾಮಾಜಿಕ ಜಾಲತಾಣ ಮತ್ತು ಸಂವಾದ: ಬಳಕೆಯಾಗದೆ ಉಳಿದ ಒಂದು ಶಕ್ತಿ

ಸಂವಾದವೆಂಬುದು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿ ಹುಟ್ಟಿದವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಅವನ್ನು ಎದುರುಬದುರಾಗಿ ಇರಿಸಿ, ಒಬ್ಬರ ಪ್ರಶ್ನೆಗೆ ಮತ್ತೊಬ್ಬರ ಮಾತು ಉತ್ತರವಾಗುವಂತೆ ಹೆಣೆದು ‘ಶೂನ್ಯಸಂಪಾದನೆ’ಯನ್ನು ರೂಪಿಸಿದನು. ಅವನ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಅದನ್ನು ಪರಿಷ್ಕರಿಸುತ್ತ, ವಿಸ್ತರಿಸುತ್ತ ನಡೆದರು. ಆ ಕೃತಿಯಲ್ಲಿ ಅಲ್ಲಮಪ್ರಭು ಯಾರನ್ನೂ ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಸಿದ್ಧರಾಮನೂ ಅಕ್ಕಮಹಾದೇವಿಯೂ ಅವನ ಪ್ರಶ್ನೆಗಳನ್ನು ಎದುರಿಸಿಯೇ ಮುಂದೆ ಸಾಗಬೇಕು. ಸಂಪಾದಕರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿತ್ತು: ಒಂದು ವಚನ ಒಂಟಿಯಾಗಿದ್ದಾಗ ಕೊಡುವ ಅರ್ಥ ಬೇರೆ, ಎದುರು ಮಾತಿನ ಸಂಗಡ ನಿಂತಾಗ ಕೊಡುವ ಅರ್ಥ ಬೇರೆ. ಇಂದು ಮೊಬೈಲ್ ಪರದೆಯ ಮೇಲೆ ದಿನವಹಿ ಬಂದು ಬೀಳುವ ಕನ್ನಡದ ಮಾತುಗಳೂ ಬಿಡಿಬಿಡಿಯಾದವೇ. ಅವನ್ನು ಹೆಣೆಯಲು ಮಹದೇವಯ್ಯನಿಲ್ಲ ಎಂಬುದಷ್ಟೇ ವ್ಯತ್ಯಾಸವೆಂದು ತೋರಬಹುದು. ಆದರೆ ವ್ಯತ್ಯಾಸ ಅಷ್ಟಕ್ಕೇ ನಿಲ್ಲುವುದಿಲ್ಲ.

ನ್ಯಾಯಶಾಸ್ತ್ರವು ಚರ್ಚೆಯಲ್ಲಿ ಮೂರು ಬಗೆಗಳನ್ನು ಗುರುತಿಸಿದೆ. ತತ್ತ್ವವನ್ನು ತಿಳಿಯುವ ಸಲುವಾಗಿ ಇಬ್ಬರು ಪಕ್ಷ ಪ್ರತಿಪಕ್ಷಗಳನ್ನು ಹಿಡಿದು ಮಾತಾಡುವುದು ವಾದ. ಗೆಲ್ಲುವುದಷ್ಟೇ ಗುರಿಯಾದರೆ ಅದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಎದುರಾಳಿಯ ಮಾತನ್ನು ಕೆಡಹುವುದರಲ್ಲೇ ತೃಪ್ತಿಪಡುವುದು ವಿತಂಡ. ಈ ವಿಂಗಡಣೆ ಪಂಡಿತರ ಮನೆಯ ಸೊತ್ತಾಗಿ ಉಳಿಯಲಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ಅದು ಜನಸಾಮಾನ್ಯರ ಮುಂದೆ ರಾತ್ರಿಯೆಲ್ಲ ನಡೆಯುವ ಕಲೆಯಾಯಿತು. ಅರ್ಥಧಾರಿ ಎಷ್ಟೇ ಪ್ರಚಂಡ ಮಾತುಗಾರನಾಗಿರಲಿ, ಎದುರಿನವನ ಮಾತನ್ನು ಕೇಳಿ ಅದಕ್ಕೆ ತಕ್ಕ ಉತ್ತರ ಕೊಡದೆ ತಾನು ಸಿದ್ಧಪಡಿಸಿಕೊಂಡು ಬಂದದ್ದನ್ನೇ ಒಪ್ಪಿಸಿದರೆ ಪ್ರೇಕ್ಷಕರು ಅವನನ್ನು ದೊಡ್ಡ ಅರ್ಥಧಾರಿಯೆಂದು ಎಣಿಸುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಕೀರ್ತಿ ನಿಂತದ್ದು ಎದುರು ಪಾತ್ರದ ತರ್ಕವನ್ನು ಎದುರಿಸುವ ಈ ಸಾಮರ್ಥ್ಯದ ಮೇಲೆ. ಮುಂಬಯಿಯ ಕನ್ನಡ ತುಳು ಸಮಾಜಗಳು ಈ ಕಲೆಯನ್ನು ಬಹುಕಾಲ ಪೋಷಿಸಿಕೊಂಡು ಬಂದಿರುವುದರಿಂದ ಇಲ್ಲಿಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮುದ್ರಣ ಬಂದ ಬಳಿಕ ಸಂವಾದದ ನೆಲೆ ಪತ್ರಿಕೆಗಳಿಗೆ ಸರಿಯಿತು. 1843ರಲ್ಲಿ ಮೋಗ್ಲಿಂಗನು ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಮೇಲೆ ಸುದ್ದಿಗೂ ಚರ್ಚೆಗೂ ಕನ್ನಡದಲ್ಲಿ ಒಂದು ಹೊಸ ಸ್ಥಳ ದೊರೆಯಿತು. 1919ರಲ್ಲಿ ಆರಂಭವಾದ ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಗಳು ವಿದ್ವತ್ ಚರ್ಚೆಗೆ ವೇದಿಕೆಯಾದವು. ಇದಕ್ಕೆ ಒಂದು ಉದಾಹರಣೆ ಸಾಕು. ‘ಕವಿರಾಜಮಾರ್ಗ’ವನ್ನು 1898ರಲ್ಲಿ ಸಂಪಾದಿಸಿ ಪ್ರಕಟಿಸಿದವರು ಪುಣೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಬಿ. ಪಾಠಕರು. ಅವರು ಅದನ್ನು ನೃಪತುಂಗನ ಕೃತಿಯೆಂದರು. ಫ್ಲೀಟ್ ಅದನ್ನು ಒಪ್ಪಲಿಲ್ಲ. ನೃಪತುಂಗನೋ, ಕವೀಶ್ವರನೋ, ಶ್ರೀವಿಜಯನೋ ಎಂಬ ಚರ್ಚೆ ಅರ್ಧಶತಮಾನಕ್ಕೂ ಮೀರಿ ನಡೆಯಿತು. ಇಂದು ಬಹುಮಟ್ಟಿಗೆ ಶ್ರೀವಿಜಯನ ಹೆಸರು ನಿಂತಿದೆ. ಆ ಚರ್ಚೆಯಲ್ಲಿ ಕಾವು ಇರಲಿಲ್ಲವೆಂದಲ್ಲ, ಪಂಡಿತರ ಕೋಪವೂ ಸಣ್ಣದಲ್ಲ. ಆದರೆ ಪ್ರತಿಯೊಬ್ಬರೂ ಹಿಂದಿನವರ ಬರೆಹವನ್ನು ಓದಿ, ಅವರು ಆಧಾರವಾಗಿಟ್ಟುಕೊಂಡ ಪದ್ಯವನ್ನೇ ಮುಂದಿಟ್ಟುಕೊಂಡು ಬರೆದರು. ಇಬ್ಬರ ನಡುವೆ ಒಂದು ಗ್ರಂಥವಿತ್ತು. ಎರಡು ಕಡೆಯ ಮಾತೂ ಮುದ್ರಿತವಾಗಿ ಗ್ರಂಥಾಲಯದಲ್ಲಿ ಉಳಿಯಿತು. ಸಂವಾದಕ್ಕೆ ಬೇಕಾದ ಕನಿಷ್ಠ ಸಲಕರಣೆ ಇವೆರಡೇ.

ಇನ್ನು ಕನ್ನಡವು ಗಣಕದ ಪರದೆಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡಬಹುದು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಮುದ್ರಣ ತಂತ್ರಜ್ಞಾನದಲ್ಲಿ ದುಡಿದ ಕೆ.ಪಿ. ರಾಯರ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಕನ್ನಡದ ಬೆರಳಚ್ಚನ್ನು ಸಾಮಾನ್ಯರ ಕೈಗೆಟುಕಿಸಿದವು. ಬಳಿಕ ಮೊಬೈಲುಗಳಲ್ಲಿ ಕನ್ನಡ ಸಹಜವಾಗಿ ಮೂಡತೊಡಗಿದಾಗ ಹಿಂದೆಂದೂ ಬರೆಯದಿದ್ದವರು ಬರೆಯತೊಡಗಿದರು. ಪತ್ರಿಕೆಯ ಸಂಪಾದಕನ ಮರ್ಜಿ ಕಾಯದೆ, ಅಂಚೆಚೀಟಿಯ ಖರ್ಚಿಲ್ಲದೆ, ಕುಂದಾಪುರದ, ಕಲಬುರಗಿಯ, ಚಾಮರಾಜನಗರದ ಆಡುನುಡಿಗಳು ಲಿಖಿತ ರೂಪದಲ್ಲಿ ಹೀಗೆ ಹರಿದಾಡಿದ್ದು ಈ ಭಾಷೆಯ ಚರಿತ್ರೆಯಲ್ಲಿ ಇದೇ ಮೊದಲು. ಈ ಪ್ರಮಾಣದ ಭಾಷಾಸಾಮಗ್ರಿ ಕಿಟೆಲ್‌ಗಾಗಲಿ ಪರಿಷತ್ತಿನ ನಿಘಂಟಿನ ಸಂಪಾದಕರಿಗಾಗಲಿ ಎಂದೂ ದೊರೆತಿರಲಿಲ್ಲ.

ಇಷ್ಟಾದರೂ ಅಲ್ಲಿ ನಡೆಯುವುದರಲ್ಲಿ ಹೆಚ್ಚಿನ ಪಾಲು ವಾದವಲ್ಲ, ಜಲ್ಪ. ಕೆಲವೊಮ್ಮೆ ಶುದ್ಧ ವಿತಂಡ. ಇದಕ್ಕೆ ಜನರ ಸ್ವಭಾವವನ್ನೇ ದೂರುವುದು ರೂಢಿ. ಆದರೆ ವೇದಿಕೆಯ ಕಟ್ಟೋಣವನ್ನೂ ನೋಡಬೇಕಾಗುತ್ತದೆ. ಫೇಸ್‌ಬುಕ್ ಸಂಸ್ಥೆಯು 2018ರ ಜನವರಿಯಲ್ಲಿ ತನ್ನ ಓದುಗರ ಮುಂದೆ ಯಾವುದನ್ನು ಮೊದಲು ಇಡಬೇಕೆಂಬ ಕ್ರಮವನ್ನು ಬದಲಿಸಿ, ‘ಅರ್ಥಪೂರ್ಣ’ ಸಾಮಾಜಿಕ ವಿನಿಮಯವನ್ನು ಹೆಚ್ಚಿಸುವುದೇ ತನ್ನ ಉದ್ದೇಶವೆಂದು ಸಾರಿತು. ಆದರೆ ಅರ್ಥವನ್ನು ಅಳೆಯುವ ಯಂತ್ರ ಯಾರ ಬಳಿಯೂ ಇಲ್ಲ. ಅಳೆಯಲು ಸಾಧ್ಯವಾದದ್ದು ಪ್ರತಿಕ್ರಿಯೆಗಳ ಎಣಿಕೆ. 2021ರಲ್ಲಿ ಹೊರಬಂದ ಆ ಸಂಸ್ಥೆಯ ಒಳದಾಖಲೆಗಳಿಂದ ತಿಳಿದುಬಂದಂತೆ, 2017ರಿಂದ ಕೋಪದ ಮುಖವೂ ಸೇರಿ ಭಾವಚಿಹ್ನೆಗಳಿಗೆ ಸಾಧಾರಣ ಮೆಚ್ಚುಗೆಯ 5 ಪಟ್ಟು ತೂಕವನ್ನು ಕೊಡಲಾಗಿತ್ತು; ಕೋಪದ ಚಿಹ್ನೆಯ ತೂಕವನ್ನು ಸೊನ್ನೆಗೆ ಇಳಿಸಿದ್ದು 2020ರಲ್ಲಿ. ಸಿಟ್ಟು ಬರಿಸುವ ಮಾತಿಗೆ ಹೆಚ್ಚು ಜನರ ಮುಂದೆ ನಿಲ್ಲುವ ಭಾಗ್ಯ ದೊರೆಯುವ ಸಭೆಯಲ್ಲಿ ಅಲ್ಲಮನೇ ಬಂದು ಕುಳಿತರೂ ಅವನ ಮಾತು ಹತ್ತು ಜನರಿಗೆ ತಲಪುವುದು ಕಷ್ಟ. ಪ್ರತಿಕ್ರಿಯೆ ಬೇರೆ, ಪ್ರತ್ಯುತ್ತರ ಬೇರೆ. ಮೊದಲನೆಯದಕ್ಕೆ ಹೆಬ್ಬೆರಳು ಸಾಕು. ಎರಡನೆಯದಕ್ಕೆ ಎದುರಿನವರ ಮಾತನ್ನು ಪೂರ್ತಿ ಓದಬೇಕು.

ಓದದೆ ದಾಟಿಸಿದ ಮಾತು ಎಲ್ಲಿಗೆ ಮುಟ್ಟಬಲ್ಲುದೆಂಬುದನ್ನು ಕರ್ನಾಟಕ ಎರಡು ಬಾರಿ ಕಂಡಿದೆ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. 2018ರ ಜುಲೈಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿಯನ್ನು ನಂಬಿದ ಗುಂಪೊಂದು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಬೀದರ ಜಿಲ್ಲೆಯಲ್ಲಿ ಹೊಡೆದು ಕೊಂದಿತು. ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ದಾಟಿಸದಂತೆ ಭಾರತದಲ್ಲಿ ಮಿತಿ ಹೇರಿದ್ದು ಆ ತಿಂಗಳಲ್ಲೇ. ಹಾಗಿದ್ದರೂ ಈ ಮಾಧ್ಯಮವನ್ನು ಕೇವಲ ಅಪಾಯವೆಂದು ಬದಿಗಿಡುವುದು ವಿದ್ವಾಂಸರಿಗೆ ಒಪ್ಪುವ ಮಾತಲ್ಲ. ವದಂತಿಗೆ ಒದಗಿದ ದಾರಿ ವಿಚಾರಕ್ಕೂ ಒದಗಬಲ್ಲುದು. ವಿದ್ವಾಂಸರು ಆ ದಾರಿಯನ್ನು ಬಳಸಿಕೊಂಡಿರುವ ಬಗೆ ಮಾತ್ರ ಹೆಮ್ಮೆಪಡುವಂಥದ್ದಲ್ಲ. ಕನ್ನಡ ಅಧ್ಯಾಪಕರ ವಾಟ್ಸಾಪ್ ಗ್ರೂಪುಗಳಲ್ಲಿ ಪುಸ್ತಕ ಬಿಡುಗಡೆಯ ಆಮಂತ್ರಣ, ಶಾಲು ಹೊದಿಸಿಕೊಂಡ ಚಿತ್ರ, ಅದರ ಕೆಳಗೆ ಸಾಲುಸಾಲಾಗಿ ‘ಅಭಿನಂದನೆಗಳು’: ಇದಿಷ್ಟೇ ವಿನಿಮಯವೆನಿಸಿದರೆ, ಒಂದು ಪದದ ವ್ಯುತ್ಪತ್ತಿಯನ್ನು ಕೇಳಿದವನಿಗೆ ಅಲ್ಲಿ ಉತ್ತರ ಸಿಗುವುದಾದರೂ ಹೇಗೆ?

ಇನ್ನೊಂದು ತೊಡಕು ನೆನಪಿನದು. 2004ರಲ್ಲಿ ಆರಂಭವಾದ ಆರ್ಕುಟ್ ಭಾರತದ ಯುವಜನರಿಗೆ ಅತ್ಯಂತ ಪ್ರಿಯವಾಗಿತ್ತು. 2014ರಲ್ಲಿ ಅದು ಮುಚ್ಚಿಹೋಯಿತು. ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆಂದೇ 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕೂ’ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ‘ಪ್ರಬುದ್ಧ ಕರ್ನಾಟಕ’ದ ಮೊದಲ ವರ್ಷದ ಸಂಚಿಕೆ ಸಿಗಬೇಕಾದರೆ ಹಳೆಯ ಗ್ರಂಥಾಲಯದ ಧೂಳು ಕೊಡವಿದರೆ ಸಾಕು. ಕೇವಲ ಕೆಲವು ವರ್ಷಗಳ ಹಿಂದೆ ‘ಕೂ’ವಿನಲ್ಲಿ ಕನ್ನಡಿಗರು ಏನು ಚರ್ಚಿಸಿದರೆಂಬುದನ್ನು ನೋಡಲು ಅಂಥ ಕಪಾಟಿಲ್ಲ. ಬದುಕಿರುವ ತಾಣಗಳಲ್ಲೂ ನಿನ್ನೆಯ ಮಾತು ಇಂದಿನ ಮಾತಿನ ಅಡಿಯಲ್ಲಿ ಹೂತುಹೋಗುತ್ತದೆ. ಒಂದೇ ಪ್ರಶ್ನೆಯನ್ನು ತಿಂಗಳಿಗೊಮ್ಮೆ ಹೊಸದಾಗಿ ಕೇಳಿ, ಹೊಸದಾಗಿ ಜಗಳವಾಡಿ, ಹೊಸದಾಗಿ ಮರೆಯುವುದು ಇದರ ಪರಿಣಾಮ.

ಈ ತೊಡಕುಗಳನ್ನು ಮೀರಿದ ಒಂದು ನಿದರ್ಶನ ಬೆಂಗಳೂರಿನಲ್ಲೇ ಇದೆ. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಯಾವ ಊರು, ಆ ಊರಿನ ಯಾವ ಗುಡಿಯ ಬಳಿ ಅಥವಾ ಯಾವ ಹೊಲದಲ್ಲಿ ಕಲ್ಲು ನಿಂತಿದೆ ಎಂಬ ಗುರುತನ್ನೂ ಶಾಸನದ ಪಾಠವನ್ನೂ ಅಲ್ಲಿ ಕೊಟ್ಟಿದ್ದಾರೆ. ಮುಂದಿನ ನೂರು ವರ್ಷಗಳಲ್ಲಿ ಹೊಲಗಳು ಬಡಾವಣೆಗಳಾದವು, ಕೆರೆಗಳು ನಿಲ್ದಾಣಗಳಾದವು. ಸಂಪುಟ ಗ್ರಂಥಾಲಯದಲ್ಲಿತ್ತು, ಕಲ್ಲು ಎಲ್ಲಿದೆಯೆಂಬುದು ಯಾರಿಗೂ ಖಚಿತವಿರಲಿಲ್ಲ. ಈಚಿನ ವರ್ಷಗಳಲ್ಲಿ ಬೇರೆ ಬೇರೆ ಉದ್ಯೋಗಗಳಲ್ಲಿದ್ದ ಕೆಲವು ಆಸಕ್ತರು ರೈಸರ ಸಂಪುಟವನ್ನು ಕೈಯಲ್ಲಿ ಹಿಡಿದು ಹಳ್ಳಿಹಳ್ಳಿಯ ಗುರುತುಗಳನ್ನು ಅನುಸರಿಸಿ ಹೊರಟರು. ಕಂಡ ಕಲ್ಲಿನ ಚಿತ್ರವನ್ನು ಬೆಂಗಳೂರಿನ ಶಾಸನಗಳಿಗೆಂದೇ ಮೀಸಲಾದ ಫೇಸ್‌ಬುಕ್ ಗುಂಪಿನಲ್ಲಿ ಹಾಕತೊಡಗಿದರು. ಹೀಗೆ ಹಾಕಿದ ಚಿತ್ರಕ್ಕೆ ಮೂರು ಬಗೆಯ ಉತ್ತರ ಬರುವುದುಂಟು. ಅಂಥದೇ ಕಲ್ಲು ತಮ್ಮ ಓಣಿಯಲ್ಲಿಯೂ ಇದೆಯೆಂದು ತಿಳಿಸುವವರು ಒಂದು ಬಗೆ; ಅಕ್ಷರವನ್ನು ಓದಿ ಕಾಲವನ್ನು ಊಹಿಸುವವರು ಇನ್ನೊಂದು; ಆ ಓದನ್ನು ಪ್ರಶ್ನಿಸಿ ಮುದ್ರಿತ ಪಾಠವನ್ನು ಎತ್ತಿ ತೋರಿಸುವವರು ಮೂರನೆಯದು. ಓಣಿಯವನಿಗೆ ಹಳಗನ್ನಡದ ಲಿಪಿ ಬಾರದು, ಲಿಪಿತಜ್ಞನಿಗೆ ಆ ಓಣಿ ತಿಳಿಯದು. ಇಬ್ಬರಿಗೂ ಒಬ್ಬರಿನ್ನೊಬ್ಬರ ಅಗತ್ಯವಿದೆ. ಅಪರಿಚಿತರ ನಡುವೆ ಸಂವಾದ ಏರ್ಪಡಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಗಂಗದೊರೆ ಶ್ರೀಪುರುಷನ ಕಾಲಕ್ಕೆ ಸೇರಿದ, ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾದ ಈ ಕಲ್ಲು ಕಾದಿ ಮಡಿದ ಕಿತ್ತಯನೆಂಬ ವೀರನ ನೆನಪಿಗೆ ನಿಲ್ಲಿಸಿದ್ದು. ಬೇಗೂರಿನಲ್ಲಿರುವ, ‘ಬೆಂಗಳೂರು’ ಎಂಬ ಹೆಸರುಳ್ಳ ಪ್ರಸಿದ್ಧ ವೀರಗಲ್ಲಿಗಿಂತ ಇದು ಒಂದು ಶತಮಾನಕ್ಕೂ ಹೆಚ್ಚು ಹಳೆಯದು. ಜಾಗೃತರಾದ ಆಸಕ್ತರೂ ಸ್ಥಳೀಯರೂ ಒಂದಾಗಿ ಅದಕ್ಕೆ ಅಲ್ಲಿಯೇ ಮಂಟಪ ಕಟ್ಟಿಸಿದರು. ಮುಂದೆ 2021ರಲ್ಲಿ, 1909ರಷ್ಟು ಹಿಂದೆ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಮಾಡಿ ಸಂರಕ್ಷಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಚರ್ಚೆ ಜಾಲತಾಣದಲ್ಲಿ ಹುಟ್ಟಿತಾದರೂ ಅಲ್ಲಿಯೇ ಉಳಿಯಲಿಲ್ಲ. ಅದರ ಹಿಂದೆ ಒಂದು ಮುದ್ರಿತ ಸಂಪುಟವಿತ್ತು, ನಡುವೆ ಒಂದು ಕಲ್ಲಿತ್ತು, ಮುಂದೆ ದಾಖಲೆಯನ್ನು ಕಾಯುವ ಒಂದು ಸಂಸ್ಥೆಯಿತ್ತು. ಕವಿರಾಜಮಾರ್ಗದ ಚರ್ಚೆಗೆ ಇದ್ದ ಸಲಕರಣೆಗಳು ಮತ್ತೆ ಕೂಡಿಬಂದವು. ಅದಕ್ಕೆ ಹಿಡಿದ ದಶಕಗಳು ಇಲ್ಲಿ ತಿಂಗಳುಗಳಿಗೆ ಇಳಿದವು.

ಕಲ್ಲಿನಂತೆಯೇ ಪದವೂ ಮುಂದಿಟ್ಟು ಮಾತಾಡಬಹುದಾದ ವಸ್ತು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭವಾದ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣವನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕಾಗಿದೆ. ಓದುಗರು ಕಾಗದ ಬರೆದು ಕೇಳಿದರು, ನಿಘಂಟುಕಾರರು ಉತ್ತರಿಸಿದರು, ಆ ಉತ್ತರಗಳು ಮುಂದೆ ಪುಸ್ತಕಗಳಾದವು. 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರನ್ನು ಸ್ಮರಿಸಿದ ಸಂದೇಶಗಳು ಜಾಲತಾಣಗಳಲ್ಲಿ ತುಂಬಿದವು. ಅವರ ಕೆಲಸವನ್ನು ಅದೇ ತಾಣದಲ್ಲಿ ಮುಂದುವರಿಸುವ ವ್ಯವಸ್ಥಿತ ಪ್ರಯತ್ನ ಮಾತ್ರ ವಿಶ್ವವಿದ್ಯಾಲಯಗಳ ಕಡೆಯಿಂದ ಸಾಕಷ್ಟು ನಡೆದಿಲ್ಲ. ‘ಇಗೋ ಕನ್ನಡ’ದಲ್ಲಿ ಉತ್ತರಿಸುವವರು ಒಬ್ಬರು. ಜಾಲತಾಣದಲ್ಲಿ ಉತ್ತರಿಸಬಲ್ಲವರು ಸಾವಿರ ಮಂದಿ ಇದ್ದಾರೆ. ಆ ಉತ್ತರಗಳನ್ನು ತೂಗಿ ನೋಡುವವರು ಬೇಕು.

ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ಕೆಲಸ ವಿಶೇಷವಾಗಿ ಸಲ್ಲುತ್ತದೆ. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 4.37 ಕೋಟಿ, ಅವರಲ್ಲಿ ಮಹಾರಾಷ್ಟ್ರದಲ್ಲಿದ್ದವರು ಸುಮಾರು 10 ಲಕ್ಷ. ಈ ಹತ್ತು ಲಕ್ಷ ಜನರ ಕನ್ನಡ ಒಂದೇ ಅಲ್ಲ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕನ್ನಡ ಆ ನೆಲದಲ್ಲೇ ಬೇರೂರಿದ್ದು. ಮುಂಬಯಿಯದು ಕರಾವಳಿಯಿಂದ, ಉತ್ತರ ಕರ್ನಾಟಕದಿಂದ, ಮೈಸೂರು ಸೀಮೆಯಿಂದ ಹೊಟ್ಟೆಪಾಡಿಗೆ ಬಂದವರು ಜೊತೆಯಲ್ಲಿ ತಂದದ್ದು. ಒಂದೇ ಚಾಳಿನಲ್ಲಿ, ಅಕ್ಕಪಕ್ಕದ ಖೋಲಿಗಳಲ್ಲಿ, ಒಂದೇ ಸಾಧನಕ್ಕೆ ಮೂರು ಹೆಸರು ಕೇಳಿಬರುತ್ತಿದ್ದುದುಂಟು. ತರಕಾರಿ ಹೆಚ್ಚುವ, ಮಣೆಗೆ ಅಲಗು ಕೂಡಿಸಿದ ಆ ಸಾಧನ ಮೈಸೂರು ಕಡೆಯವರಿಗೆ ಈಳಿಗೆಮಣೆ, ಧಾರವಾಡದವರಿಗೆ ಇಳಗಿ, ದಕ್ಷಿಣ ಕನ್ನಡದವರಿಗೆ ಮೆಟ್ಟುಕತ್ತಿ. ನೆರೆಮನೆಯ ಮರಾಠಿಗರಿಗೆ ಅದು ವಿಳಿ. ಈಳಿಗೆಗೂ ವಿಳಿಗೂ ನಂಟಿದೆಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡರೆ ದ್ರಾವಿಡ ಭಾಷಾವಿಜ್ಞಾನದ ಒಂದು ಪಾಠವೇ ಅಲ್ಲಿಂದ ಹೊರಡಬಲ್ಲುದು. ಮುಂಬಯಿಯ ಅಡುಗೆಮನೆಗಳಲ್ಲಿ ಈಗ ಚಾಕುವಿದೆ, ಆ ಮಣೆ ಅಪರೂಪವಾಗಿದೆ. ಅದನ್ನು ಬಳಸಿದ ಕೈಗಳಿಗೆ ವಯಸ್ಸಾಗಿದೆ. ಆ ಕೈಗಳ ಸಂಗಡ ಹೆಸರೂ ಹೋಗಲಿದೆ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಆ ಮಣೆಯ ಒಂದು ಚಿತ್ರವನ್ನು ಹಾಕಿ ‘ನಿಮ್ಮಲ್ಲಿ ಇದಕ್ಕೆ ಏನನ್ನುತ್ತಾರೆ?’ ಎಂದು ಕೇಳಲು ಖರ್ಚಿಲ್ಲ, ಪ್ರಯಾಣವಿಲ್ಲ. ಬೆಳಗಿನ ಶುಭೋದಯದ ಹೂವಿನ ಚಿತ್ರಕ್ಕೆ ಹಿಡಿಯುವಷ್ಟೇ ಸಮಯ ಸಾಕು.

ಇಲ್ಲಿ ಲಿಪಿಯ ಪ್ರಶ್ನೆ ಎದುರಾಗುತ್ತದೆ. ಮುಂಬಯಿಯಲ್ಲಿ ಒಂದು ಕಾಲಕ್ಕೆ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಕನ್ನಡ ರಾತ್ರಿಶಾಲೆಗಳು ಅಕ್ಷರ ಕಲಿಸಿದವು. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳೂ ಇದ್ದವು. ಇಂದಿನ ಎರಡನೆಯ, ಮೂರನೆಯ ತಲೆಮಾರಿನವರಲ್ಲಿ ಬಹಳಷ್ಟು ಮಂದಿ ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಅಜ್ಜಿಗೆ ಬರೆಯುವಾಗಲೂ ಅವರು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅದನ್ನು ಅಜ್ಜಿ ಓದಲಾರಳು. ಹೀಗೆ ಒಂದೇ ಮನೆಯಲ್ಲಿ ಬರೆಹದ ಸಂಪರ್ಕ ಕಡಿದಿದೆ. ಈ ಕಂದಕದ ಮೇಲೆ ಸಂಕವಾಗಬಲ್ಲ ಸೌಲಭ್ಯವೊಂದು 2013ರಿಂದಲೂ ವಾಟ್ಸಾಪಿನಲ್ಲಿದೆ: ದನಿಯ ಸಂದೇಶ. ಮೊಮ್ಮಗನು ಓದಬೇಕಿಲ್ಲ, ಅಜ್ಜಿ ಬೆರಳಚ್ಚು ಕಲಿಯಬೇಕಿಲ್ಲ. ಗಾದೆ, ಒಗಟು, ಜೋಗುಳ, ಊರಿನಿಂದ ಹಡಗಿನಲ್ಲಿ ಬಂದ ಕಥೆ, ಮೊದಲ ಸಂಬಳದ ಲೆಕ್ಕ ಎಲ್ಲವೂ ಅವಳ ಉಚ್ಚಾರದಲ್ಲೇ ದಾಖಲಾಗಬಲ್ಲವು. ಜಾನಪದ ಸಂಗ್ರಹಕಾರರು ಭಾರವಾದ ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿಗೆ ಹೋಗುತ್ತಿದ್ದ ದಿನಗಳನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಸದ್ಯಕ್ಕೆ ಆ ಸೌಲಭ್ಯ ಹೆಚ್ಚಾಗಿ ‘ತಲಪಿದೆ’, ‘ಊಟವಾಯಿತೆ’ ಎಂಬುದರಲ್ಲೇ ಮುಗಿಯುತ್ತಿದೆ.

ಇಂಥ ಸಂಗ್ರಹಕ್ಕೆ ಸಂಕೋಚದ ಒಂದು ಕಾರಣವೂ ಇದೆ. ವಾಟ್ಸಾಪಿನ ಮಾತು 2016ರಿಂದ ಎರಡು ತುದಿಗಳ ನಡುವೆ ಗುಪ್ತಲಿಪಿಯಲ್ಲಿ ಸಾಗುತ್ತದೆ. ಹೊರಗಿನ ಸಂಶೋಧಕನು ಅದನ್ನು ಕಾಣಲಾರ, ಕಾಣಬಾರದು ಕೂಡ. ಮನೆಯವರ ನಡುವೆ ಆಡಿದ ಮಾತು ಸಾರ್ವಜನಿಕ ಸಾಮಗ್ರಿಯಲ್ಲ. ಆದ್ದರಿಂದ ಸಂಗ್ರಹಕಾರನು ಆ ಮನೆಯವನೇ ಆಗಿರಬೇಕು ಮತ್ತು ಆಡಿದವರ ಒಪ್ಪಿಗೆ ಪಡೆದಿರಬೇಕು. ಈ ಎರಡು ಷರತ್ತುಗಳನ್ನು ಅತಿ ಸುಲಭವಾಗಿ ಪೂರೈಸಬಲ್ಲವರು ಹೊರನಾಡಿನ ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿಗಳೇ. ಒಂದು ತರಗತಿಯ ಇಪ್ಪತ್ತು ವಿದ್ಯಾರ್ಥಿಗಳು ತಂತಮ್ಮ ಕುಟುಂಬದಲ್ಲಿ ವಾರಕ್ಕೊಂದು ಪದವನ್ನು ಕೇಳಿದರೂ ವರ್ಷದ ಕೊನೆಗೆ ಕೂಡುವ ಸಾಮಗ್ರಿ ಒಂದು ಪಿಎಚ್.ಡಿ. ಮಹಾಪ್ರಬಂಧದ ಕ್ಷೇತ್ರಕಾರ್ಯಕ್ಕೆ ಕಡಿಮೆಯಾಗದು. ಪುಣೆಯ ವಿದ್ಯಾರ್ಥಿಗೆ ದೊರೆತ ರೂಪವನ್ನು ಚೆನ್ನೈಯ, ಹೈದರಾಬಾದಿನ, ದೆಹಲಿಯ ವಿದ್ಯಾರ್ಥಿ ಅಂದೇ ನೋಡಿ ತನ್ನದರ ಜೊತೆಗೆ ಹೋಲಿಸಬಲ್ಲನು. ಹೊಸೂರಿನ ಕನ್ನಡಕ್ಕೂ ಜತ್ತದ ಕನ್ನಡಕ್ಕೂ ಮುಖಾಮುಖಿಯಾಗುವ ಸಂದರ್ಭ ಹೀಗೆ ಒದಗುತ್ತದೆ. ಕವಿರಾಜಮಾರ್ಗಕಾರನು ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನಲ್ಲಿ ಕನ್ನಡ ಒಂದಲ್ಲ, ಹಲವಿವೆ ಎಂಬುದನ್ನು ಗುರುತಿಸಿದ್ದನು. ಆ ಹಲವು ಕನ್ನಡಗಳನ್ನು ಒಂದೇ ಹೊತ್ತಿಗೆ ಕೇಳುವ ಅನುಕೂಲ ಅವನಿಗಿರಲಿಲ್ಲ.

ಸಂಗ್ರಹವನ್ನು ತಾಣದಲ್ಲೇ ಬಿಡಬಾರದೆಂಬುದಕ್ಕೆ ಆರ್ಕುಟ್, ‘ಕೂ’ಗಳ ಗತಿಯೇ ಸಾಕ್ಷಿ. ತಿಂಗಳಿಗೊಮ್ಮೆ ಅದನ್ನು ಇಳಿಸಿಕೊಂಡು ವಿಭಾಗದ ಗಣಕದಲ್ಲಿಯೂ, ಆಯ್ದ ಭಾಗವನ್ನು ಕಾಗದದ ಮೇಲೂ ಉಳಿಸಬೇಕು. ದಾಖಲೆಯ ಪುಟಕ್ಕೆ ದೊಡ್ಡ ಯೋಜನೆಯೇನೂ ಬೇಡ. ಪದ ಅಥವಾ ಮಾತು, ಅದನ್ನು ಆಡಿದವರ ಮೂಲ ಊರು ಮತ್ತು ವಯಸ್ಸು, ಆ ಕುಟುಂಬ ಹೊರನಾಡಿಗೆ ಬಂದ ವರ್ಷ, ಒಪ್ಪಿಗೆ ಪಡೆದ ದಿನಾಂಕ, ದನಿಯ ಕಡತದ ಸಂಖ್ಯೆ, ಪರಿಶೀಲಿಸಿದ ಅಧ್ಯಾಪಕರ ಟಿಪ್ಪಣಿ. ಅದರ ಕೆಳಗೆ, ಬೇರೆ ಊರಿನವರು ‘ನಮ್ಮಲ್ಲಿ ಹಾಗಲ್ಲ’ ಎಂದು ಬರೆಯಲು ಅರ್ಧ ಪುಟದಷ್ಟು ಜಾಗ.